ಎರಡನೇ ಸೀಡಿ

ಮೊಬೈಲ್ ಗಾಜಿನ ಗೀರು ಹೋಗಲೆಂದು ಮಗಳು ಟೂತ್‌ಪೇಸ್ಟ್ ಹಚ್ಚಿ ತಿಕ್ಕುವಾಗೆಲ್ಲ, ಆ ಲವಂಗದ ವಾಸನೆಗೆ ನನಗೆ ಸೊಲ್ಲಾಪುರದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಇನ್ನು ಮನೆಗೆ ಕರೆದುಕೊಂಡು ಹೋಗ್ರಿ ಎಂದು ಡಾಕ್ಟರು ಅವ್ವನನ್ನು ಕಳಿಸಿಬಿಟ್ಟಿದ್ದರು. ಅವಳಿಗೆ ಒಂದು ಪಿಚ್ಚರ್ ನೋಡುವ ಆಸೆ ಇತ್ತು. ಮಂದಿ ಮನೆಯ ಟಿವಿ ಮುಂದೆ ಕೂರುವುದು ಅಪ್ಪನಿಗೆ ಸೇರುತ್ತಿರಲಿಲ್ಲ. ಮಗ್ಗಕ್ಕೆ ರಜೆ ಹಾಕಿ ಟಿವಿ, ಪ್ಲೇಯರ್, ಸೀಡಿ ಎಲ್ಲ ಬಾಡಿಗೆಗೆ ಹೊತ್ತು ತಂದ. ಆಗ ಒಂದು ಪಿಚ್ಚರ್ ಎರಡು ಸೀಡಿಯಲ್ಲಿ ಬರುತ್ತಿತ್ತು.

ಮೊದಲನೇದು ಮುಗಿಯುವಾಗ ಪಿಚ್ಚರಿನ ತಾಯಿ ಮಕ್ಕಳನ್ನು ಬಿಟ್ಟು ರೈಲು ಹತ್ತಿದ್ದಳು. ಎರಡನೇದು ಹಾಕಿದರೆ ಬರೀ ಬಣ್ಣದ ಚೌಕಗಳು ನಡುಗಿ ನಿಂತವು. ಅಪ್ಪ ಸೀಡಿಗೆ ಪೇಸ್ಟ್ ತಿಕ್ಕಿ, ತಾನೇ ನೇಯ್ದ ಟವೆಲ್ಲಿನಿಂದ ಒರೆಸಿ, ಮತ್ತೆ ಮತ್ತೆ ಹಾಕಿದ. ನಡೆಯಲಿಲ್ಲ. ಬಾಡಿಗೆ ಅಂಗಡಿಯಲ್ಲಿ ಅದರ ಇನ್ನೊಂದು ಪ್ರತಿ ಇರಲಿಲ್ಲ.

“ಇರಲಿ ಬಿಡ್ರಿ,” ಅಂದಳು ಅವ್ವ. “ಆಕಿ ತಿರುಗಿ ಬರ್ತಾಳೋ ಇಲ್ಲೋ, ಅಷ್ಟ ಹೇಳ್ರಿ.”

“ಬರ್ತಾಳ. ಮಕ್ಕಳ ಲಗ್ನಾನೂ ಮಾಡ್ತಾಳ.”

“ನನ್ನ ಬಿಟ್ಟು ಯಾವಾಗ ನೋಡಿ ಬಂದ್ರಿ?”

ಅಪ್ಪ ಟವೆಲ್ಲು ಮಡಚುತ್ತ ಕೂತ.

“ಆತು, ಲಗ್ನದಾಗ ಆಕಿ ಯಾವ ಸೀರಿ ಉಟ್ಟಿರ್ತಾಳ?”

“ಇಳಕಲ್ ಸೀರಿ. ಹಸರದು.”

ಅವ್ವ ನಕ್ಕಳು. ಅವಳ ಹತ್ತಿರ ಇದ್ದ ಒಳ್ಳೆ ಸೀರೆ ಅದೊಂದೇ. ನನ್ನ ತಂಗಿಯ ಲಗ್ನಕ್ಕೆ ಉಡಬೇಕೆಂದು ಎತ್ತಿಟ್ಟಿದ್ದಳು.

ಅಮಾವಾಸ್ಯೆ ಬರುವುದರೊಳಗೆ ಅವ್ವ ಹೋದಳು. ಅವಳ ಮೈಗೆ ನೀರು ಹಾಕಿದ ಮೇಲೆ ಸೋದರತ್ತೆ ಬಾಗಿಲಿಗೆ ಬಂದು, “ಯಾವ ಸೀರಿ ಉಡಿಸೂಣೋ ಅಣ್ಣಾ?” ಎಂದು ಕೇಳಿದಳು. ಅಪ್ಪ ಟ್ರಂಕು ತೆಗೆದು, ಹಸಿರು ಸೀರೆಯನ್ನು ಅವಳ ಕೈಗೆ ಕೊಟ್ಟ.