ಹಗ್ಗದ ಲೇತು

ದಶರಥ ಹೊಸ ಚಕ್ಕನ್ನು ಕಟ್ಟಿಗೆ ಕಡೆಯುವ ಹಳೆಯ ಲೇತಿನ ಹೊಸ ದಿಂಡಿಗೆ ತಿರುಪಿ, ಎರಡೂ ಕೈಯಿಂದ ಬಿಗಿದು, ಅಂಗೈಯ ಎಣ್ಣೆಯನ್ನು ಚಡ್ಡಿಗೆ ಒರೆಸಿಕೊಂಡ. "ಆತು ಕಾಕಾ. ಇನ್ನ ಇದನ್ನ ಬಿಚ್ಚಬೇಕಂದ್ರ ಕುಪವಾಡದಿಂದ ನಾನ ಬರಬೇಕು."

ಗಂಗಪ್ಪ ಚಕ್ಕಿನ ಮೇಲೆ ಕೈಯಾಡಿಸಿದ. ಅಂಗೈಯಗಲದ ಕಬ್ಬಿಣದ ಗುಂಡು. ಅದರ ಬಾಯಲ್ಲಿ ಕಟ್ಟಿಗೆ ಕಚ್ಚಿ ಹಿಡಿಯುವ ಮೂರು ದವಡೆ. ಮಿರಜದ ಆ ಓಣಿಯಲ್ಲಿ ಮೂವತ್ತು ವರ್ಷದಿಂದ ಅವನು ಕಟ್ಟಿಗೆಯ ತುಂಡನ್ನು ದಿಂಡಿನ ಬಾಯಿಗೆ ಬಡಿದು ಕೂರಿಸಿಯೇ ಕುಂಕುಮದ ಕರಡಿಗೆ ಕಡೆಯುತ್ತಿದ್ದ. ಮೂರು ಬಡಿದರೆ ಒಂದು ಸೀಳುತ್ತಿತ್ತು. ಅದಕ್ಕೇ ಬಡಗಿಗಳ ಸೊಸೈಟಿ ಎಂಟು ದಿನ ನೋಡಿರೆಂದು ಈ ಚಕ್ಕು ಕೊಟ್ಟಿತ್ತು. ಅದಕ್ಕೆ ಹೊಂದುವ ಹೊಸ ದಿಂಡನ್ನು ದಶರಥ ತಾನು ಕೆಲಸಕ್ಕಿದ್ದ ಕುಪವಾಡದ ಕಾರ್ಖಾನೆಯಲ್ಲಿ ಮಾಡಿ ತಂದಿದ್ದ.

"ತಂಗೆವ್ವಾ, ಹಗ್ಗ ಸುತ್ತು," ಎಂದ ಗಂಗಪ್ಪ.

ಅವನ ಅಣ್ಣನ ಮಗಳು ತಂಗೆವ್ವ ದಿಂಡಿಗೆ ಎರಡು ಸುತ್ತು ಹಗ್ಗ ಹಾಕಿ, ಎರಡು ತುದಿ ಎರಡು ಕೈಯಲ್ಲಿ ಹಿಡಿದು ಕಾಕಾನ ಎದುರಿಗೆ ಕೂತಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಂದಿನಿಂದ ಅವಳ ಜಾಗ ಅದೇ. ಬಲಗೈ ಎಳೆದರೆ ದಿಂಡು ಕಾಕಾನ ಕಡೆ ತಿರುಗುವುದು, ಅವನ ಉಳಿ ಕಟ್ಟಿಗೆಗೆ ಇಳಿಯುವುದು. ಎಡಗೈ ಎಳೆದರೆ ದಿಂಡು ಹಿಂದಕ್ಕೆ ತಿರುಗುವುದು, ಉಳಿ ಮೇಲೇಳುವುದು. ಮತ್ತೆ ಬಲ, ಮತ್ತೆ ಎಡ. ಏಳು ವರ್ಷ. ಬಾಯಿ ಬಿಡದಿದ್ದರೂ ಕಣ್ಣು ಬಿಟ್ಟೇ ಕೂತವಳು. ಉಳಿ ಎಲ್ಲಿ ವಾಲಬೇಕು, ಎಲ್ಲಿ ನಿಲ್ಲಬೇಕು, ಎಲ್ಲ ಅವಳಿಗೆ ಗೊತ್ತಿತ್ತು. ಹಿಡಿಯಲು ಮಾತ್ರ ಅದು ಅವಳ ಕೈಗೆ ಸಿಕ್ಕಿರಲಿಲ್ಲ.

ಇವತ್ತು ಅವಳು ದಶರಥನ ಕೈ ನೋಡಿದ್ದಳು. ಡಬ್ಬಿಯ ತಿರುಪಿನ ಮುಚ್ಚಳ ಹಾಕುವ ಹಾಗೆ ಒಂದೇ ಕಡೆ ತಿರುಗಿಸಿ ಚಕ್ಕು ಬಿಗಿದಿದ್ದ. ಮುಚ್ಚಳ ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಬಿಚ್ಚುತ್ತದೆ. ಅವಳ ಒಂದು ಕೈ ಬಿಗಿದದ್ದನ್ನು ಇನ್ನೊಂದು ಕೈ ಬಿಚ್ಚುತ್ತದೆ.

ಹೇಳಿದರೆ ಮುಂದೇನು ಎಂಬುದೂ ಅವಳಿಗೆ ಗೊತ್ತಿತ್ತು. ಒಂದೇ ಕಡೆ ತಿರುಗುವುದು ಮೋಟಾರು. ಮೋಟಾರು ಬಂದರೆ ಹಗ್ಗ ಎಳೆಯುವವಳು ಯಾಕೆ? ಇವಳನ್ನು ಮಾಧವನಗರದ ಗಿರಣಿಯ ಕೆಲಸಕ್ಕೆ ಹಚ್ಚಿದರಾಯಿತು ಎಂದು ಕಾಕಾನ ಹೆಂಡತಿ ಕಾಕು ಆಗಲೇ ಎರಡು ಸಲ ಅಂದಿದ್ದಳು. ಆದರೆ ಕಾಕಾ ಉಳಿಯನ್ನು ಕಾಲ್ಬೆರಳಿಂದ ಒತ್ತಿ ಹಿಡಿಯುವವನು. ಆ ಕಾಲು ಈಗ ಸರಿಯಾಗಿ ಚಕ್ಕಿನ ಕೆಳಗಿತ್ತು.

"ಎಳಿ," ಎಂದ ಗಂಗಪ್ಪ.

ಅವಳು ಎಳೆಯಲಿಲ್ಲ.

"ಯಾಕ, ನಿದ್ದಿ ಬಂತೇನ?"

"ಕಾಕಾ, ಕಾಲ ತಗೀರಿ."

"ಏನ?"

"ಚಕ್ಕ ಬೀಳತೈತ್ರಿ."

ದಶರಥ ಬಿದ್ದು ಬಿದ್ದು ನಕ್ಕ. "ಅಗ ಪೋರಿ, ನಿಮ್ಮ ಹಗ್ಗ ಹರದೀತು, ಈ ತಿರುಪ ಸಡ್ಲ ಆಗೂದಿಲ್ಲ! ಕಾರ್ಖಾನ್ಯಾಗ ಇಂಥಾವು ದಿನಾ ಕೂಡಸ್ತೇನಿ ನಾ."

"ನಿಮ್ಮ ಕಾರ್ಖಾನ್ಯಾಗ ಹಗ್ಗ ಇಲ್ಲಲ್ಲರಿ," ಎಂದಳು ತಂಗೆವ್ವ, ಹಗ್ಗವನ್ನೇ ನೋಡುತ್ತ.

ಗಂಗಪ್ಪ ಅವಳನ್ನೇ ನೋಡಿದ. ಎಳೆ ಅಂದಮೇಲೆ ಈ ಹುಡುಗಿ ಎಳೆಯದೆ ಕೂತದ್ದು ಏಳು ವರ್ಷದಲ್ಲಿ ಇದೇ ಮೊದಲು. ಅವನು ಉಳಿ ಕೆಳಗಿಟ್ಟು, ಕಾಲು ತೆಗೆದು, ಗೋಣಿತಟ್ಟಿನಿಂದ ಎದ್ದೇ ನಿಂತ. "ಹೂಂ, ಎಳಿ. ನೋಡೂಣು."

ಬಲ, ಎಡ. ಬಲ, ಎಡ. ದಶರಥ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಆರನೆಯ ಎಡಕ್ಕೆ ಚಕ್ಕು ಓಲಾಡಿತು. ಏಳನೆಯದಕ್ಕೆ ದಿಂಡು ಬಿಟ್ಟು ಗೋಣಿತಟ್ಟಿನ ಮೇಲೆ ಧಡ್ಡನೆ ಬಿತ್ತು. ಗಂಗಪ್ಪನ ಸುಣ್ಣದ ಡಬ್ಬಿ ಅದರಡಿ ಸಿಕ್ಕು ತಗಡಾಯಿತು.

ದಶರಥ ಹಣೆ ಬಡಿದುಕೊಂಡ. "ಎರಡೂ ಕಡೆ ತಿರಗತೈತಲ್ಲೋ ಮಾರಾಯಾ ಇದು! ನನ್ನ ತಲ್ಯಾಗ ಬರಲೇ ಇಲ್ಲ."

"ಮೂವತ್ತ ವರ್ಷ ಇದರ ಮುಂದ ಕುಂತೇನಿ. ನನ್ನ ತಲ್ಯಾಗೂ ಬರಲಿಲ್ಲ," ಎಂದ ಗಂಗಪ್ಪ.

"ಹಂಗಾರ ಮೋಟಾರ ಒಂದ ದಾರಿ, ಕಾಕಾ."

ಗಂಗಪ್ಪ ಚಕ್ಕಿನ ದವಡೆಗೆ ಮೆತ್ತಿದ ಸುಣ್ಣವನ್ನು ಉಗುರಿನಿಂದ ಕೆರೆದ. "ತರೂಣು."

ಯಾರೂ ಹೇಳುವ ಮೊದಲೇ ತಂಗೆವ್ವ ದಿಂಡಿನಿಂದ ಹಗ್ಗ ಬಿಚ್ಚತೊಡಗಿದಳು.

"ಬಿಡು, ಈಕಿಗೂ ಆರಾಮ ಆತು," ಎಂದ ದಶರಥ.

"ಹೌದ್ರಿ," ಎಂದಳು ತಂಗೆವ್ವ. "ಎರಡೂ ಕೈ ಖಾಲಿ ಆದುವು."

ಹಾಗೆಂದವಳ ಕಣ್ಣು ಕಟ್ಟಿಗೆಯ ಹೊಟ್ಟಿನಲ್ಲಿ ಬಿದ್ದಿದ್ದ ಉಳಿಯ ಮೇಲಿತ್ತು. ಗಂಗಪ್ಪ ಅದನ್ನು ಕಂಡ. ಬಗ್ಗಿ ಉಳಿ ಎತ್ತಿಕೊಂಡು ತಿರುಗಿಸಿ ನೋಡಿದ. ಹಿಡಿದು ಹಿಡಿದು ಸವೆದ ಅದರ ಹಿಡಿಕೆ ಅವನ ಮುಷ್ಟಿಯ ಹಾಗೆಯೇ ಆಗಿತ್ತು. ಬೇರೆ ಕೈಗೆ ಕೂರುವಂಥದಲ್ಲ.

"ಹಗ್ಗ ಒಳಗ ಇಡಬ್ಯಾಡ," ಎಂದ. "ಹಳೇ ದಿಂಡ ಹಾಕು. ಉಳಿಗೆ ಸಣ್ಣದೊಂದು ಹಿಡಿಕಿ ಕಡೀಬೇಕು."

"ಯಾರಿಗ್ರಿ?"

"ಕೈ ಚಾಚು. ಅಳತಿ ಬೇಕು."