ತುರಿಕೆ ನಿಂತ ಮೇಲೆ

"ಕೈ ತೆಗಿಯಮ್ಮ, ರಕ್ತ ಬರ್ತಿದೆ," ಎಂದು ಮಗಳು ಬಾಯಲ್ಲಿ ಹೇಳಿ, ಆಮೇಲೆ ಆಸ್ಪತ್ರೆಯ ಮಂಚದ ಎದುರಿಗೆ ಬಂದು ಅದನ್ನೇ ಕೈಸನ್ನೆಯಲ್ಲಿ ಹೇಳಿದಳು. ಅಮ್ಮ ನೋಡಿದಳು. ಉತ್ತರ ಕೊಡಬೇಕಾದ ಕೈಗಳೆರಡೂ ಮೊಣಕಾಲ ಕೆಳಗೆ ಪರಪರ ತುರಿಸುತ್ತಿದ್ದವು.

ಅಮ್ಮ ಅಪ್ಪ ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳಿಸದು. ಅಮ್ಮನಿಗೆ ಪರದೆ ಅಂಗಡಿಯಲ್ಲಿ ಹೊಲಿಗೆ ಕೆಲಸ, ಅಪ್ಪನಿಗೆ ಕುರ್ಚಿ ಮೇಜುಗಳಿಗೆ ಪಾಲಿಶ್ ಹೊಡೆಯುವ ಕೆಲಸ. ಬ್ಯಾಂಕಿನಲ್ಲಾಗಲಿ, ಮನೆ ಮಾಲೀಕನ ಮುಂದಾಗಲಿ ಇಬ್ಬರ ಪರವಾಗಿಯೂ ಬಾಯಿ ಬಿಡಬೇಕಾದವಳು ಮಗಳು. ಹಾಗೆಂದು ಅಮ್ಮ ಮೌನಿಯಲ್ಲ. ಮನೆಯಲ್ಲಿ ಅವಳಷ್ಟು ಮಾತಾಡುವವರು ಇನ್ನೊಬ್ಬರಿಲ್ಲ. ಅಂಗಡಿಗೆ ಬಂದ ಗಿರಾಕಿಗಳ ಬಿಂಕ ಬಿನ್ನಾಣವನ್ನೆಲ್ಲ ಆಡಿ ತೋರಿಸಿ ಗಂಡನನ್ನು ನಗಿಸುತ್ತಿದ್ದಳು. ಅಂಥವಳಿಗೆ ಕಾಮಾಲೆ ಬಂತು. ಕೆಟ್ಟ ನೀರಿನಿಂದ ಬಂದದ್ದು, ಕೆಲವು ವಾರಗಳಲ್ಲಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೋಗಲಿಲ್ಲ. ಹಳದಿ ದಿನದಿಂದ ದಿನಕ್ಕೆ ಗಾಢವಾಗಿ, ಮೈ ಒಣಗಿ, ಕೊನೆಗೆ ಈ ತುರಿಕೆ ಅಂಟಿಕೊಂಡಿತು. ನಿದ್ದೆ ಹೋಯಿತು, ಮಾತೂ ಹೋಯಿತು.

ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತರು. "ನೋಡಮ್ಮ, ಸ್ಕ್ಯಾನಿಂಗಲ್ಲಿ ಕಲ್ಲು ಗಿಲ್ಲು ಏನೂ ಇಲ್ಲ. ಪಿತ್ತ ಹರಿಯದೆ ಲಿವರಿನ ಒಳಗೇ ನಿಂತುಬಿಟ್ಟಿದೆ. ತುರಿಕೆಗೆ ಕೊಟ್ಟ ಔಷಧಿ ಯಾವುದೂ ನಾಟಲಿಲ್ಲ. ಸ್ಟಿರಾಯ್ಡ್ ಕೊಟ್ಟು ನೋಡಬಹುದು. ಕೆಲವರಿಗೆ ಬೇಗ ಇಳಿಯತ್ತೆ. ಆದ್ರೆ ಅದು ಮೈಯ ಕಾವಲನ್ನೂ ಮಲಗಿಸಿಬಿಡತ್ತೆ. ಬೇರೆ ಸೋಂಕು ಹೊಕ್ಕರೆ ತಡೆಯೋದು ಕಷ್ಟ."

"ಕೊಡದೇ ಇದ್ರೆ?"

"ತಾನಾಗೇ ಇಳೀಬಹುದು. ಯಾವಾಗ ಅಂತ ನಾನು ಹೇಳಲಾರೆ."

ಮಗಳು ಒಂದು ಮಾತನ್ನೂ ಬಿಡದೆ ಕೈಯಲ್ಲಿ ಹೇಳಿದಳು. ಅಪ್ಪ ಬೇಡವೆಂದು ತಲೆಯಾಡಿಸಿದ. "ಕಾಯೋಣ. ತಾನಾಗೇ ಇಳಿಯತ್ತೆ ಅಂದ್ರಲ್ಲ."

ಆಗ ಅಮ್ಮ ತುರಿಸುವುದನ್ನು ನಿಲ್ಲಿಸಿದಳು. ಉಗುರಿನ ಸಂದಿಯಲ್ಲಿ ರಕ್ತ ಒಣಗಿದ್ದ ಬೆರಳುಗಳು ಗಂಡನ ಮುಖದ ಮುಂದೆ ಆಡಿದವು. "ಕಾಯೋದು ನೀವಲ್ಲ, ನಾನು. ಈ ಚರ್ಮ ಸುಲಿದು ಬಿಸಾಕೋಣ ಅನ್ನಿಸ್ತಿದೆ. ಕೊಡಲಿ." ಅಷ್ಟು ಹೇಳುವಷ್ಟರಲ್ಲಿ ಕೈಗಳು ಮತ್ತೆ ಕಾಲಿಗೆ ಹೋದವು.

ಕೊಟ್ಟರು. ನೋಡನೋಡುತ್ತ ತುರಿಕೆ ತಗ್ಗಿತು, ಕಣ್ಣು ತಿಳಿಯಾಯಿತು. ಅಮ್ಮ ಮಧ್ಯಾಹ್ನವೆಲ್ಲ ಗಾಢ ನಿದ್ದೆ ಹೊಡೆದು, ಎದ್ದವಳೇ ಹೊಟ್ಟೆ ಹಸಿವು ಎಂದಳು. ಅಷ್ಟು ದಿನ ತಡೆದಿದ್ದ ಮಾತೆಲ್ಲ ಒಮ್ಮೆಗೇ ಕೈಗೆ ಬಂತು. ಎದುರು ಮಂಚದವಳ ಗಂಡ ರೋಗಿಯ ಬಿಸ್ಕತ್ತನ್ನು ತಾನೇ ಕದ್ದು ತಿನ್ನುವುದು, ಸೂಜಿ ಚುಚ್ಚುವ ನರ್ಸೇ ನೋವಾದವಳಂತೆ ಮುಖ ಕಿವುಚುವುದು, ಒಂದೊಂದನ್ನೂ ಆಡಿ ತೋರಿಸಿದಳು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ತುರಿಕೆ ಇದ್ದಾಗ್ಲೇ ವಾಸಿ, ನನ್ನ ತಲೆ ತಿಂತಿರಲಿಲ್ಲ," ಎಂದು ಛೇಡಿಸಿದ.

ಆಮೇಲೆ ಜ್ವರ ಬಂತು. ಬೆಳಿಗ್ಗೆ ಮೈ ಬೆಚ್ಚಗಿತ್ತು, ಸಂಜೆಗೆ ಹಲ್ಲು ಕಟಕಟಿಸುವ ನಡುಕ, ಮರುದಿನ ಏದುಸಿರು. ಸೋಂಕು ಶ್ವಾಸಕೋಶಕ್ಕೆ ಇಳಿದಿದೆ ಎಂದರು. ಐಸಿಯು ಬಾಗಿಲ ಮುಂದೆ ಸ್ಟ್ರೆಚರ್ ಒಂದು ಗಳಿಗೆ ನಿಂತಾಗ ಅಮ್ಮ ಆಕ್ಸಿಜನ್ ಮಾಸ್ಕಿನ ಮೇಲಿನಿಂದಲೇ ಮಗಳನ್ನು ಹುಡುಕಿ, ಎದೆಯ ಮೇಲೆ ನಿಧಾನವಾಗಿ ಬೆರಳಾಡಿಸಿದಳು. "ನಿಮ್ಮಪ್ಪ ಬೇಡ ಅಂದ್ರು, ನಾನೇ ಬೇಕು ಅಂದೆ. ನೆನಪಿಟ್ಕೋ. ನೀನು ಕೊಡಿಸಿದ್ದಲ್ಲ." ಬಾಗಿಲು ಮುಚ್ಚಿತು. ಆ ಮಾತು ಮಗಳಿಗೆ ಸಮಾಧಾನ ತರಲಿಲ್ಲ. ತಾನು ಉಳಿಯುವುದಿಲ್ಲವೆಂದು ಅಮ್ಮನಿಗೆ ಗೊತ್ತಾಗಿಬಿಟ್ಟಿದೆ ಎಂಬುದಷ್ಟೇ ಅವಳಿಗೆ ಅರ್ಥವಾಯಿತು.

ಡಾಕ್ಟರಮ್ಮ ಹೊರಗೆ ಬಂದದ್ದು ಮೂರನೆಯ ದಿನ ಬೆಳಿಗ್ಗೆ. ಕಾರಿಡಾರಿನಲ್ಲಿ ಆಗಷ್ಟೇ ನೆಲ ಒರೆಸಿದ್ದರು. ಒದ್ದೆ ತುಳಿಯದಂತೆ ಮೂವರೂ ಗೋಡೆಗೆ ಒತ್ತಿ ನಿಂತರು.

"ಸೋಂಕು ರಕ್ತಕ್ಕೆ ಹರಡಿಬಿಟ್ಟಿತ್ತು. ಕೈಲಾದದ್ದೆಲ್ಲ ಮಾಡಿದ್ವಿ. ಉಳಿಸಿಕೊಳ್ಳೋಕೆ ಆಗಲಿಲ್ಲಮ್ಮ." ಆಮೇಲೆ, "ಲಿವರ್ ಮಾತ್ರ ಸರಿಹೋಗ್ತಾ ಬಂದಿತ್ತು," ಎಂದರು. ಅದನ್ನು ಯಾಕೆ ಹೇಳಿದೆನೆಂದು ತಮಗೇ ತಿಳಿಯದವರಂತೆ ತಲೆ ತಗ್ಗಿಸಿದರು.

ಅಪ್ಪ ಅವರ ತುಟಿ ನೋಡಿದ, ಮಗಳ ಮುಖ ನೋಡಿದ. "ಏನಂದ್ರು?" ಎಂದು ಕೇಳಿದ.

ಮಗಳು ಕೈ ಎತ್ತಿದಳು. ಅದು ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಅಪ್ಪ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.