ದಣಿವು ಇಳಿಸುವ ಕಟ್ಟೆ

ಊರವರೆಲ್ಲ ಸಂಜೆ ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ ದಣಿವು ಇಳಿಸಿಯೇ ಮನೆಗೆ ಹೋಗುತ್ತಿದ್ದರು. ಅಲ್ಲಿನ ಯಂತ್ರದ ತಣ್ಣನೆಯ ತಗಡಿನ ಮೇಲೆ ಅಂಗೈ ಊರಿ, ಹಸಿರು ದೀಪ ಹತ್ತುವವರೆಗೆ ನಿಂತರೆ ಮೈ ಬೆಳಗಿನಷ್ಟು ಹಗುರ. ಬಸ್ ಕಂಡಕ್ಟರ್ ವನಜಾಕ್ಷಿ ಪಿಯಾನೋ ಪಾಠಕ್ಕೆ ಮುಂಚೆ ಅದನ್ನು ತಪ್ಪಿಸಿದವಳೇ ಅಲ್ಲ. ಕಾಲು ತೊಳೆಯದೆ ದೇವರ ಕೋಣೆ ಹೊಗಬಾರದಂತೆ, ದಣಿದ ಮೈಯಲ್ಲಿ ಗುರುವಿನ ಮುಂದೆ ಕೂರಬಾರದೆಂದು ಅವಳ ನಂಬಿಕೆ.

ಮುದುಕಿ ಸೆವ್ರಿನ್ ಬಾಯಿ ಕಲಿಸುತ್ತಿದ್ದ, ಇರುಳಿನ ಹಾಡಿನಂಥ ನಿಧಾನದ ನಾಕ್ಟರ್ನ್‌ನಲ್ಲಿ ಅವಳಿಗೆ ಒಂದು ಸ್ವರವೂ ತಪ್ಪುತ್ತಿರಲಿಲ್ಲ. ಆದರೂ ಸೆವ್ರಿನ್ ಬಾಯಿಗೆ ಸಮಾಧಾನವಿಲ್ಲ. "ಖಾಲಿ ಬಸ್ಸು ಹೋದ ಹಾಗೆ ಉಂಟು ಮಾರಾಯ್ತಿ. ಟೈಮ್ ಸರಿ, ಒಳಗೆ ಜನ ಇಲ್ಲ."

ಇವತ್ತು ಕಟ್ಟೆಯ ಯಂತ್ರ ಕೆಟ್ಟಿತ್ತು. ವನಜಾಕ್ಷಿ ಇಡೀ ದಿನದ ನೂಕುನುಗ್ಗಲನ್ನು ಹೊತ್ತುಕೊಂಡೇ ಪಾಠಕ್ಕೆ ಬಂದಳು.

"ತಪ್ಪಾಯ್ತು ಬಾಯಿ. ಇಳಿಸ್ಲಿಕ್ಕೆ ಆಗ್ಲಿಲ್ಲ."

"ಕೂತ್ಕೋ."

ಎಡಗೈ ತನ್ನ ಭಾರಕ್ಕೇ ಪಿಯಾನೋದ ಮೇಲೆ ಬಿತ್ತು. ಬಲಗೈ ಏಳಲು ತಡಮಾಡಿತು. ಒಂದೊಂದು ಸ್ವರವೂ ಬರಲೋ ಬೇಡವೋ ಎಂದು ನಿಂತು ಬಂತು. ಕೊನೆಯದರಿಂದ ಬೆರಳೆತ್ತುವ ಶಕ್ತಿಯೂ ಅವಳಲ್ಲಿ ಉಳಿಯಲಿಲ್ಲ. ಆ ಸ್ವರ ತಾನಾಗಿ ಆರುವವರೆಗೆ ಬೆರಳು ಅಲ್ಲೇ ಇತ್ತು.

"ನಾಳೆಯೂ ಹೀಗೇ ಬಾ" ಎಂದರು, ಜೀವಮಾನದಲ್ಲಿ ಒಮ್ಮೆಯೂ ಆ ತಗಡು ಮುಟ್ಟಿರದ ಬಾಯಿ.

"ಇಷ್ಟನ್ನು ಹೊತ್ಕೊಂಡು ಬದುಕ್ಲಿಕ್ಕೆ ಆಗ್ತದಾ ಬಾಯಿ?"

"ಆಗುದಿಲ್ಲ ಮಗಾ. ಅದಕ್ಕೇ ಅಲ್ವಾ ಇದನ್ನು ಬಾರಿಸುದು."